ಹೊಳೆ ಹರಿದ ಹಾದಿಯಲ್ಲೊಂದು ತೋಟ

ಪ್ರವಾಹಕ್ಕೆ ಸಿಕ್ಕು ನಲುಗಿದ ನಗರ ತನ್ನ ನದಿಯನ್ನೇ ಊರಾಚೆಗೆ ತಿರುಗಿಸಿತು. ಖಾಲಿಯಾದ ಪಾತ್ರದಲ್ಲಿ ಹೆದ್ದಾರಿ ಹಾಕಲು ಸರ್ಕಾರ ಹೊರಟಾಗ ಜನ ‘ಬೇಡ’ ಎಂದರು. ಇಂದು ಅಲ್ಲಿ ಒಂಬತ್ತು ಕಿಲೋಮೀಟರ್ ಉದ್ದದ ತೋಟವಿದೆ. ಮೆಡಿಟರೇನಿಯನ್ ತೀರದ ಬಂದರು ನಗರ ವೆಲೆನ್ಸಿಯಾದ ಉದ್ಯಾನಗಳಲ್ಲಿ ಒಂದು ಸುತ್ತು.

ಭಾನುವಾರದ ಬೆಳಗು. ನಾನೂರು ವರ್ಷ ದಾಟಿದ ಕಲ್ಲಿನ ಸೇತುವೆ. ಸಾಲಾಗಿ ಹತ್ತು ಕಮಾನು. ಕಂಬಗಳ ಮುಂಭಾಗ ದೋಣಿಯ ಮೂತಿಯಂತೆ ಚೂಪಾಗಿದೆ. ರಭಸದ ನೀರು ಬಂದು ಬಡಿದರೆ ಎರಡಾಗಿ ಸೀಳಿಹೋಗಲಿ ಎಂದು ಅದನ್ನು ಹಾಗೆ ಕಟ್ಟಿದ್ದು.

ಆ ಚೂಪು ಕಲ್ಲಿಗೆ ಈಗ ಯಾರೋ ಸೈಕಲ್ ಒರಗಿಸಿದ್ದಾರೆ. ಕಮಾನಿನ ನೆರಳಲ್ಲಿ ಇಬ್ಬರು ಹುಡುಗರು ಚೆಂಡು ಒದೆಯುತ್ತಿದ್ದಾರೆ. ಅಜ್ಜಿಯೊಬ್ಬರು ಬೆಂಚಿನ ಮೇಲೆ ಕುಳಿತು ಕಿತ್ತಳೆಯ ಸಿಪ್ಪೆ ಬಿಡಿಸುತ್ತಿದ್ದಾರೆ. ಓಡುವವರು, ನಡೆಯುವವರು, ನಾಯಿ ಹಿಡಿದು ಬಂದವರು, ಎಲ್ಲರೂ ಸೇತುವೆಯ ಕೆಳಗಿಂದಲೇ ಸಾಗುತ್ತಾರೆ.

ಮೊದಲ ಸಲ ನೋಡುವವರ ಕಣ್ಣು ಒಂದನ್ನೇ ಹುಡುಕುತ್ತದೆ: ನೀರೆಲ್ಲಿ?

ನೀರಿಲ್ಲ. ಇದು ಸ್ಪೇನಿನ ಪೂರ್ವ ಕರಾವಳಿಯ ವೆಲೆನ್ಸಿಯಾ. ಸೇತುವೆಯ ಹೆಸರು ‘ಪುಯೆಂತೆ ದೆಲ್ ಮಾರ್’, ಎಂದರೆ ಕಡಲ ಸೇತುವೆ. ಹಳೆಯ ಊರಿನಿಂದ ಬಂದರಿನ ಕಡೆಗೆ ಹೋಗುವವರು ಇದನ್ನು ದಾಟಿಯೇ ಹೋಗುತ್ತಿದ್ದರು. 1589ರ ಪ್ರವಾಹ ಹಳೆಯದನ್ನು ಕೆಡವಿದ ಮೇಲೆ ಇದನ್ನು ಕಟ್ಟಿದರು. ಇದರಡಿ ಹರಿಯುತ್ತಿದ್ದ ತೂರಿಯಾ ನದಿ ಇಲ್ಲಿಂದ ಹೋಗಿ ಐವತ್ತು ವರ್ಷದ ಮೇಲಾಯಿತು. ನದಿ ಹರಿದ ಹಾದಿಯೇ ಈಗ ಸ್ಪೇನಿನ ಅತಿ ದೊಡ್ಡ ನಗರೋದ್ಯಾನಗಳಲ್ಲಿ ಒಂದು.

ಅಕ್ಟೋಬರ್ ಬಂದರೆ ಈ ತೋಟದ ಕಥೆಯನ್ನು ಮತ್ತೆ ಹೇಳಬೇಕು ಅನಿಸುತ್ತದೆ. ಇದು ಹುಟ್ಟಿದ್ದು ಒಂದು ಅಕ್ಟೋಬರಿನ ನೀರಿನಿಂದ. ಇದರ ಬೆಲೆ ಏನೆಂದು ಮತ್ತೆ ನೆನಪಿಸಿದ್ದೂ ಇನ್ನೊಂದು ಅಕ್ಟೋಬರಿನ ನೀರೇ.

ಎರಡು ಬಾರಿ ಬಂದ ನೀರು

ತೂರಿಯಾ ಹುಟ್ಟುವುದು ತೆರುಯೆಲ್ ಪ್ರಾಂತ್ಯದ ಬೆಟ್ಟಗಳಲ್ಲಿ. ಮೇಲ್ಭಾಗದಲ್ಲಿ ಅದಕ್ಕೆ ‘ಗ್ವಾದಲಾವಿಯಾರ್’ ಎಂದು ಹೆಸರು. ಅರಬರ ಕಾಲದ ಈ ಮಾತಿಗೆ ಬಿಳಿ ಹೊಳೆ ಎಂದರ್ಥ. ವರ್ಷದ ಬಹುಪಾಲು ಅದು ಬಡಕಲು ಹೊಳೆ. ದಾರಿಯಲ್ಲೇ ಗದ್ದೆ ತೋಟಗಳಿಗೆ ನೀರು ಕೊಟ್ಟು, ನಗರ ಮುಟ್ಟುವ ಹೊತ್ತಿಗೆ ಮರಳಿನ ನಡುವೆ ಒಂದು ಗೆರೆಯಷ್ಟು ಉಳಿಯುತ್ತಿತ್ತು.

ಅದರ ಇನ್ನೊಂದು ಮುಖ ಕಾಣುವುದು ಶರತ್ಕಾಲದಲ್ಲಿ. ಬೇಸಗೆಯಿಡೀ ಬಿಸಿಲುಂಡ ಸಮುದ್ರ ಆಗಿನ್ನೂ ಬೆಚ್ಚಗಿರುತ್ತದೆ. ಆಕಾಶದ ಮೇಲ್ಪದರಕ್ಕೆ ಉತ್ತರದಿಂದ ತಣ್ಣನೆಯ ಗಾಳಿ ನುಗ್ಗುತ್ತದೆ. ಎರಡೂ ಕೂಡಿದರೆ ತಿಂಗಳುಗಟ್ಟಲೆ ಬೀಳಬೇಕಾದ ಮಳೆ ಕೆಲವೇ ಗಂಟೆಗಳಲ್ಲಿ ಬೀಳುತ್ತದೆ. ಊರಿನವರು ಇದನ್ನು ‘ಗೋತಾ ಫ್ರಿಯಾ’ ಎಂದು ಕರೆಯುತ್ತಾ ಬಂದಿದ್ದಾರೆ, ತಣ್ಣನೆಯ ಹನಿ ಎಂದು.

1957ರ ಅಕ್ಟೋಬರ್ 14. ನಸುಕಿಗೆ ಮುನ್ನವೇ ಮೊದಲ ಪ್ರವಾಹ ನಗರಕ್ಕೆ ನುಗ್ಗಿತು. ಇಳಿಯಿತು ಎಂದು ಜನ ಉಸಿರು ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಎರಡನೆಯದು ಬಂತು, ಮೊದಲನೆಯದಕ್ಕಿಂತ ದೊಡ್ಡದು. ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ಸಾವಿರಾರು ಮನೆಗಳು ಕೆಸರು ಕಂಡವು. ಹಳೆಯ ಊರಿನ ಗೋಡೆಗಳಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಗುರುತು ಹಾಕಿದ ಫಲಕಗಳು ಇಂದೂ ಇವೆ. ಕೆಲವು ಕಡೆ ಅದನ್ನು ಓದಲು ಕತ್ತೆತ್ತಬೇಕು.

ಮ್ಯಾಡ್ರಿಡ್‌ನಿಂದ ನೆರವು ತಡವಾಯಿತು ಎಂದು ಮೇಯರ್ ತೊಮಾಸ್ ತ್ರೆನೋರ್ ಬಹಿರಂಗವಾಗಿಯೇ ಹೇಳಿದರು. ಅದು ಸರ್ವಾಧಿಕಾರಿ ಫ್ರಾಂಕೋನ ಕಾಲ. 1958ರಲ್ಲಿ ತ್ರೆನೋರ್ ಮೇಯರ್ ಹುದ್ದೆ ಕಳೆದುಕೊಂಡರು.

ಕಾಲು ಪೆಸೆಟಾದ ಅಂಚೆಚೀಟಿ

ಸರ್ಕಾರ ಕಂಡುಕೊಂಡ ಪರಿಹಾರ ಒಂದೇ: ನದಿಯನ್ನೇ ಊರಿನಿಂದ ಹೊರಗೆ ಹಾಕುವುದು. ನಗರದ ದಕ್ಷಿಣಕ್ಕೆ ಸುಮಾರು 12 ಕಿಲೋಮೀಟರ್ ಉದ್ದದ ಹೊಸ ಪಾತ್ರ ತೋಡುವ ಯೋಜನೆ ಸಿದ್ಧವಾಯಿತು. ಅದರ ಹೆಸರು ‘ಪ್ಲಾನ್ ಸುರ್’, ದಕ್ಷಿಣದ ಯೋಜನೆ. ಸೆಕೆಂಡಿಗೆ 5,000 ಘನ ಮೀಟರ್ ನೀರು ಸಾಗಿಸುವಷ್ಟು ಅಗಲ. ತಲೆಮಾರುಗಳಿಂದ ತರಕಾರಿ ಬೆಳೆಯುತ್ತಿದ್ದ ಫಲವತ್ತಾದ ನೆಲ ಅದಕ್ಕಾಗಿ ಹೋಯಿತು.

ಖರ್ಚಿನ ಒಂದು ಪಾಲು ಜನರ ಜೇಬಿನಿಂದಲೂ ಬಂತು. 1963ರಿಂದ ವೆಲೆನ್ಸಿಯಾದಲ್ಲಿ ಅಂಚೆಗೆ ಹಾಕುವ ಪತ್ರಕ್ಕೆ ಮಾಮೂಲಿ ಅಂಚೆಚೀಟಿಯ ಜೊತೆಗೆ 25 ಸೆಂತಿಮೊ ಬೆಲೆಯ, ಎಂದರೆ ಕಾಲು ಪೆಸೆಟಾದ, ಇನ್ನೊಂದು ಚೀಟಿ ಅಂಟಿಸಲೇಬೇಕಾಯಿತು. ಈ ಪದ್ಧತಿ 1985ರವರೆಗೂ ನಡೆಯಿತು. ಮದುವೆಯ ಕರೆಯೋಲೆ, ಸಾವಿನ ಸುದ್ದಿ, ಪ್ರೇಮಪತ್ರ, ಕೆಲಸದ ಅರ್ಜಿ, ಎಲ್ಲದರ ಮೇಲೂ ಆ ಪುಟ್ಟ ಚೀಟಿ. ನದಿಯನ್ನು ತಿರುಗಿಸಲು ಒಂದು ಊರು ಇಪ್ಪತ್ತೆರಡು ವರ್ಷ ಕಾಗದ ಬರೆದು ಕಾಸು ಕೊಟ್ಟಿತು.

ಹಳೆಯ ಪಾತ್ರ ಬರಿದಾಯಿತು. ನಗರದ ನಟ್ಟನಡುವೆ ಕಿಲೋಮೀಟರ್‌ಗಟ್ಟಲೆ ಖಾಲಿ ನೆಲ. ಅದರ ಮೇಲೆ ಯೋಜನಾಕಾರರ ಕಣ್ಣು ಬೀಳದೆ ಇರುತ್ತದೆಯೇ? ಪಶ್ಚಿಮದಿಂದ ಬರುವ ವಾಹನಗಳನ್ನು ನೇರವಾಗಿ ಬಂದರಿಗೆ ಒಯ್ಯುವ ದೊಡ್ಡ ರಸ್ತೆಯನ್ನು ಇದೇ ಪಾತ್ರದೊಳಗೆ ಹಾಕುವುದೆಂದು ನಕ್ಷೆ ತಯಾರಾಯಿತು.

ಆಗ ಊರು ಎದ್ದಿತು. ಪತ್ರಿಕೆಗಳಲ್ಲಿ ಬರಹಗಳು ಬಂದವು, ಬಡಾವಣೆಗಳಲ್ಲಿ ಸಭೆಗಳು ನಡೆದವು. ಜನ ತಮ್ಮ ವೆಲೆನ್ಸಿಯನ್ ಭಾಷೆಯಲ್ಲೇ ಒಂದು ಘೋಷಣೆ ಕಟ್ಟಿಕೊಂಡರು: ‘ತೂರಿಯಾದ ಪಾತ್ರ ನಮ್ಮದು, ನಮಗದು ಹಸಿರಾಗಿಯೇ ಬೇಕು.’ ಗುಂಪು ಸೇರುವುದೇ ಅಪರಾಧವಾಗಿದ್ದ ಆಡಳಿತದ ಕೊನೆಯ ವರ್ಷಗಳಲ್ಲಿ ಆ ಮಾತು ಗೋಡೆಯಿಂದ ಗೋಡೆಗೆ ಹರಡಿತು.

1975ರ ನವೆಂಬರಿನಲ್ಲಿ ಫ್ರಾಂಕೋ ತೀರಿಕೊಂಡ. ಮರುವರ್ಷ ದೊರೆ ಹುವಾನ್ ಕಾರ್ಲೋಸ್ ಹಳೆಯ ಪಾತ್ರವನ್ನು ನಗರಕ್ಕೆ ಬಿಟ್ಟುಕೊಟ್ಟರು. ಹೆದ್ದಾರಿಯ ನಕ್ಷೆ ಮೂಲೆ ಸೇರಿತು.

ಒಂದೇ ತೋಟ, ಹದಿನೆಂಟು ತುಂಡು

ಉದ್ಯಾನದ ಒಟ್ಟು ರೂಪುರೇಷೆಯನ್ನು 1980ರ ದಶಕದ ಆರಂಭದಲ್ಲಿ ಕತಲಾನ್ ವಾಸ್ತುಶಿಲ್ಪಿ ರಿಕಾರ್ಡೊ ಬೊಫಿಲ್ ಅವರಿಗೆ ವಹಿಸಿದರು. ಪಾತ್ರವನ್ನು ಹದಿನೆಂಟು ತುಂಡಾಗಿ ಹಂಚಿ, ಬೇರೆ ಬೇರೆ ವಿನ್ಯಾಸಕಾರರ ಕೈಗೆ ಕೊಡಲಾಯಿತು. ಮೊದಲ ಭಾಗ ತೆರೆದದ್ದು 1986ರಲ್ಲಿ. ಉಳಿದದ್ದು ಹಣ ಒದಗಿದ ಹಾಗೆ, ಕಾಲ ಕೂಡಿದ ಹಾಗೆ ಬೆಳೆಯಿತು.

ಆದ್ದರಿಂದಲೇ ಇಲ್ಲಿ ನಡೆಯುವಾಗ ಒಂದೇ ತೋಟದಲ್ಲಿದ್ದೇವೆ ಅನಿಸುವುದಿಲ್ಲ. ಒಂದು ಕಡೆ ಪೈನ್ ಮರಗಳ ಗುಂಪು. ಮುಂದೆ ಆಟದ ಮೈದಾನಗಳು. ಒಂದು ಸೇತುವೆ ದಾಟಿದರೆ ಕಣಗಿಲೆಯ ಸಾಲು, ಇನ್ನೊಂದು ದಾಟಿದರೆ ಆಲಿವ್ ಮರಗಳು. ಸಂಗೀತ ಭವನದ ಮುಂದೆ ಬೊಫಿಲ್ ಸ್ವತಃ ರೂಪಿಸಿದ ಭಾಗವಿದೆ: ಗೆರೆ ಎಳೆದಂತೆ ನೆಟ್ಟ ಈಚಲು ಜಾತಿಯ ಮರಗಳು, ಕಿತ್ತಳೆ ಗಿಡಗಳು, ನಡುವೆ ಕಾರಂಜಿಯ ಕೊಳ.

ತೋಟ ರಸ್ತೆಗಿಂತ ಕೆಳಗಿದೆ. ಎರಡೂ ಬದಿಯಲ್ಲಿ ನದಿಗೆ ಕಟ್ಟಿದ ಹಳೆಯ ಕಲ್ಲಿನ ತಡೆಗೋಡೆ ಹಾಗೆಯೇ ಇದೆ. ವಾಹನಗಳೆಲ್ಲ ತಲೆಯ ಮೇಲಿನ ಸೇತುವೆಗಳಲ್ಲಿ ಓಡುತ್ತವೆ. ನಗರದ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೂ ಸಿಗ್ನಲ್‌ಗೆ ನಿಲ್ಲದೆ, ಒಂದೂ ರಸ್ತೆ ದಾಟದೆ ನಡೆದುಕೊಂಡು ಹೋಗಬಹುದು. ಮಗುವಿನ ಕೈ ಬಿಟ್ಟು ನಡೆಯಬಹುದು. ದೊಡ್ಡ ನಗರದಲ್ಲಿ ಇದಕ್ಕಿಂತ ದೊಡ್ಡ ಸೌಕರ್ಯ ಇನ್ನೇನಿದೆ?

ಸೇತುವೆಗಳನ್ನು ಎಣಿಸುತ್ತಾ ನಡೆದರೆ ಊರಿನ ಚರಿತ್ರೆಯೇ ತೆರೆದುಕೊಳ್ಳುತ್ತದೆ. ತ್ರಿನಿದಾದ್ ಸೇತುವೆ ಹದಿನೈದನೇ ಶತಮಾನದ್ದು, ಉಳಿದಿರುವುದರಲ್ಲಿ ಅದೇ ಹಿರಿಯದು. ಸೆರ‍್ರಾನೋಸ್ ಸೇತುವೆ ಕೋಟೆಯ ಹೆಬ್ಬಾಗಿಲಿಗೆ ಒಯ್ಯುತ್ತದೆ. ಇಲ್ಲಿಯವರೇ ಆದ ಸಾಂತಿಯಾಗೊ ಕಲಾತ್ರಾವಾ 1990ರ ದಶಕದಲ್ಲಿ ಕಟ್ಟಿದ ಬಿಳಿಯ ಸೇತುವೆಗೆ ಜನ ‘ಪೆಯಿನೇತಾ’ ಎನ್ನುತ್ತಾರೆ. ಅಲ್ಲಿಯ ಹೆಂಗಸರು ತುರುಬಿಗೆ ಸಿಕ್ಕಿಸುವ ಬಾಚಣಿಗೆಯ ಹೆಸರದು. ಅದರ ಅಡಿಯಲ್ಲೇ, ನದಿಯ ತಳದ ಕೆಳಗೆ, ಅಲಮೇದಾ ಮೆಟ್ರೊ ನಿಲ್ದಾಣವಿದೆ. ಪಕ್ಕದ ಹೂವಿನ ಸೇತುವೆಯ ಎರಡೂ ಅಂಚಿನಲ್ಲಿ ಸಾವಿರಾರು ಹೂಗಿಡಗಳಿವೆ.

ಪೂರ್ವದ ತುದಿಯಲ್ಲಿ ಕಲಾತ್ರಾವಾ ಅವರದೇ ಕಲೆ ಮತ್ತು ವಿಜ್ಞಾನಗಳ ನಗರಿ. 1998ರಲ್ಲಿ ಕಣ್ಣಿನಾಕಾರದ ಹೆಮಿಸ್ಫೆರಿಕ್‌ನಿಂದ ಆರಂಭವಾದ ಈ ಬಿಳಿ ಕಟ್ಟಡಗಳ ಸಾಲು ಪ್ರವಾಸಿಗರ ಮೊಬೈಲ್‌ಗಳಲ್ಲೆಲ್ಲ ಇದೆ. ಪಶ್ಚಿಮದ ತುದಿಯಲ್ಲಿ ಕಬೆಸೇರಾ ಉದ್ಯಾನ. ಅಲ್ಲಿ ಒಂದು ಕೆರೆ, ಅದರ ಸುತ್ತ ಹೊಳೆ ಬದಿಯ ಮರಗಳು. ನದಿ ಇದ್ದಾಗ ದಂಡೆ ಹೇಗಿತ್ತು ಎಂಬುದನ್ನು ಮಕ್ಕಳು ಅಲ್ಲಿ ನೋಡಬಹುದು.

ಮಲಗಿರುವ ಗಲಿವರ್

ಸಂಗೀತ ಭವನ ದಾಟಿ ಕಡಲ ಕಡೆಗೆ ಸ್ವಲ್ಪ ನಡೆದರೆ ಮಕ್ಕಳ ಕೇಕೆ ಕೇಳಿಸುತ್ತದೆ. ಹತ್ತಿರ ಹೋದರೆ ಏನೆಂದು ತಿಳಿಯುವುದಿಲ್ಲ. ಬಣ್ಣ ಬಳಿದ ಒಂದು ಇಳಿಜಾರು, ಒಂದಷ್ಟು ಮೆಟ್ಟಿಲು, ದಪ್ಪ ಹಗ್ಗಗಳು. ಮೇಲೆ ಹತ್ತಿ ನಿಂತಾಗ ಹೊಳೆಯುತ್ತದೆ: ನಾವು ಒಬ್ಬ ಮನುಷ್ಯನ ಎದೆಯ ಮೇಲೆ ನಿಂತಿದ್ದೇವೆ.

ಜೊನಾಥನ್ ಸ್ವಿಫ್ಟ್ ಕಥೆಯ ಗಲಿವರ್ ಇಲ್ಲಿ 70 ಮೀಟರ್ ಉದ್ದಕ್ಕೆ ಅಂಗಾತ ಬಿದ್ದಿದ್ದಾನೆ. ಲಿಲಿಪುಟ್‌ನವರು ಅವನ ಕೈಕಾಲುಗಳನ್ನು ಹಗ್ಗದಿಂದ ಕಟ್ಟಿದ ಕ್ಷಣವನ್ನೇ 1990ರಲ್ಲಿ ಮಕ್ಕಳ ಆಟದ ತಾಣವಾಗಿಸಿದರು. ಮಡಿಕೆ ಬಿದ್ದ ಕೋಟು ಜಾರುಬಂಡೆ. ಹರಡಿದ ಕೂದಲೂ ಜಾರುಬಂಡೆ. ಹಗ್ಗ ಹಿಡಿದು ತೋಳಿನ ಮೇಲೆ ಹತ್ತಬೇಕು. ಅವನ ಬೆರಳುಗಳ ಸಂದಿಯಲ್ಲಿ ಇಬ್ಬರು ಮಕ್ಕಳು ಅಡಗಿ ಕೂರಬಹುದು.

ಇದನ್ನು ರೂಪಿಸಿದವರಲ್ಲಿ ಮನೋಲೊ ಮಾರ್ತಿನ್ ಎಂಬ ಕಲಾವಿದರಿದ್ದರು. ವೆಲೆನ್ಸಿಯಾದ ಫಾಯಾಸ್ ಹಬ್ಬಕ್ಕೆ ದೈತ್ಯ ಬೊಂಬೆಗಳನ್ನು ಮಾಡುತ್ತಿದ್ದವರು ಅವರು. ವರ್ಷವಿಡೀ ದುಡಿದು ಮಾಡಿದ ಆ ಬೊಂಬೆಗಳನ್ನು ಮಾರ್ಚ್ 19ರ ರಾತ್ರಿ ಸುಟ್ಟುಬಿಡುವುದು ಅಲ್ಲಿನ ಪದ್ಧತಿ. ಅದೇ ಕೈಗಳು ಮಾಡಿದ ಈ ಬೊಂಬೆ ಮಾತ್ರ ಬೆಂಕಿಗೆ ಹೋಗದೆ ಮಕ್ಕಳ ಪಾಲಿಗೆ ಉಳಿಯಿತು. ಅಲ್ಲಿ ಜಾರಿ ಬೆಳೆದವರು ಈಗ ತಮ್ಮ ಮಕ್ಕಳನ್ನು ಕರೆತರುತ್ತಾರೆ. ಪ್ರವೇಶಕ್ಕೆ ಹಣವಿಲ್ಲ.

---

ಚೌಕಟ್ಟು: ಗುರುವಾರದ ನೀರು ಪಂಚಾಯಿತಿ

● ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ವೆಲೆನ್ಸಿಯಾ ಕಥೀಡ್ರಲ್‌ನ ಅಪೊಸ್ತಲರ ಬಾಗಿಲ ಮುಂದೆ ರೈತರ ನ್ಯಾಯಮಂಡಳಿ ಸೇರುತ್ತದೆ.

● ತೂರಿಯಾದಿಂದ ಹೊರಡುವ ಎಂಟು ಕಾಲುವೆಗಳ ಪ್ರತಿನಿಧಿಗಳೇ ನ್ಯಾಯಾಧೀಶರು. ರೈತರೇ ಅವರನ್ನು ಆರಿಸುತ್ತಾರೆ. ಮೈಮೇಲೆ ಕಪ್ಪು ನಿಲುವಂಗಿ.

● ವಕೀಲರಿಲ್ಲ. ವಾದವೆಲ್ಲ ಬಾಯಿಮಾತಿನಲ್ಲಿ, ತೀರ್ಪು ಸ್ಥಳದಲ್ಲೇ. ಮೇಲ್ಮನವಿ ಇಲ್ಲ.

● ಶತಮಾನಗಳ ಈ ಪದ್ಧತಿಯನ್ನು ಯುನೆಸ್ಕೊ 2009ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

---

ದಂಡೆಯ ಮೇಲಿನ ಹಿರಿಯರು

ನದಿಯ ತೋಟ ಹೊಸದು. ಅದರ ದಂಡೆಯ ಮೇಲೆ ಹಳೆಯ ತೋಟಗಳೂ ಇವೆ. ಮೆಟ್ಟಿಲು ಹತ್ತಿ ಮೇಲೆ ಬಂದರೆ ಸಾಕು.

ರಾಜೋದ್ಯಾನ ಎಲ್ಲರ ಬಾಯಲ್ಲಿ ‘ವಿವೇರೋಸ್’, ಎಂದರೆ ಸಸಿಮಡಿ. ನಗರಸಭೆಯ ಸಸಿಗಳನ್ನು ಒಂದು ಕಾಲದಲ್ಲಿ ಇಲ್ಲೇ ಬೆಳೆಸುತ್ತಿದ್ದರು. ಅದಕ್ಕೂ ಹಿಂದೆ ಇಲ್ಲಿ ಅರಮನೆಯಿತ್ತು. ಹನ್ನೊಂದನೇ ಶತಮಾನದ ಮುಸ್ಲಿಂ ಅರಸರ ವಿಹಾರಧಾಮ ಮುಂದೆ ಕ್ರೈಸ್ತ ದೊರೆಗಳ ಅರಮನೆಯಾಗಿ ಬೆಳೆಯಿತು. ನೆಪೋಲಿಯನ್ನನ ಸೈನ್ಯ ಹತ್ತಿರವಾದಾಗ, ಶತ್ರು ಅದರಲ್ಲಿ ಅಡಗಿ ಊರಿನ ಮೇಲೆ ಗುಂಡು ಹಾರಿಸದಿರಲಿ ಎಂದು 1810ರಲ್ಲಿ ಊರಿನವರೇ ಅದನ್ನು ಕೆಡವಿದರು. ಅರಮನೆಯ ಅವಶೇಷಗಳನ್ನು ಮರಗಳ ನಡುವೆ ಈಗಲೂ ನೋಡಬಹುದು. ವಸಂತದಲ್ಲಿ ಊರಿನ ಪುಸ್ತಕಮೇಳ ನಡೆಯುವುದೂ ಇಲ್ಲಿಯೇ.

ಅಲ್ಲಿಂದ ಕೆಲವೇ ನಿಮಿಷದ ನಡಿಗೆಯಲ್ಲಿ ಮೊನ್‌ಫೋರ್ತೆ ಉದ್ಯಾನ. ಹತ್ತೊಂಬತ್ತನೇ ಶತಮಾನದ ಸಿರಿವಂತರೊಬ್ಬರು ತಮಗಾಗಿ ಮಾಡಿಸಿಕೊಂಡದ್ದು. ಕತ್ತರಿಸಿ ಒಪ್ಪ ಮಾಡಿದ ಹಸಿರು ಬೇಲಿ, ಅಮೃತಶಿಲೆಯ ವಿಗ್ರಹಗಳು, ಬೋಗನ್‌ವಿಲ್ಲಾ ಹಬ್ಬಿದ ಚಪ್ಪರ. ಬಾಗಿಲ ಬಳಿಯ ಎರಡು ಸಿಂಹಗಳನ್ನು ಗಮನಿಸಬೇಕು. ಮ್ಯಾಡ್ರಿಡ್‌ನ ಸಂಸತ್ ಭವನದ ಮುಂದೆ ಇರಿಸಲೆಂದು ಶಿಲ್ಪಿ ಹೊಸೆ ಬೆಯ್ವೆರ್ ಕಡೆದ ಸಿಂಹಗಳವು. ಆ ಭವನಕ್ಕೆ ಇವು ಗಾತ್ರದಲ್ಲಿ ಚಿಕ್ಕವಾದವು ಎಂದು ಬಿಟ್ಟಾಗ ಇಲ್ಲಿಗೆ ಬಂದವು. ವಾರಾಂತ್ಯದಲ್ಲಿ ಮದುಮಕ್ಕಳು ಫೋಟೊ ತೆಗೆಸಿಕೊಳ್ಳಲು ಬರುತ್ತಾರೆ.

ಹಳೆಯ ಊರಿನ ಇನ್ನೊಂದು ಅಂಚಿನಲ್ಲಿ ವಿಶ್ವವಿದ್ಯಾಲಯದ ಸಸ್ಯೋದ್ಯಾನ. ವೈದ್ಯ ವಿದ್ಯಾರ್ಥಿಗಳಿಗೆ ಗಿಡಮೂಲಿಕೆ ಕಲಿಸಲು 1567ರಲ್ಲಿ ಆರಂಭವಾದ ತೋಟ 1802ರಲ್ಲಿ ಈಗಿನ ಜಾಗಕ್ಕೆ ಬಂತು. ಕಬ್ಬಿಣ ಮತ್ತು ಗಾಜಿನ ಹಳೆಯ ಹಸಿರುಮನೆ ಇದರ ಒಡವೆ. 1957ರ ನೀರು ಇದನ್ನೂ ಬಿಡಲಿಲ್ಲ. ದಶಕಗಳ ಆರೈಕೆಯ ಬಳಿಕ ಅದು ಮತ್ತೆ ತಲೆಯೆತ್ತಿತು.

ಇಲ್ಲಿ ಕನ್ನಡದ ಓದುಗರು, ಅದರಲ್ಲೂ ಮಲೆನಾಡಿನವರು, ನೆನೆಯಬೇಕಾದ ಒಬ್ಬರಿದ್ದಾರೆ. 1745ರಲ್ಲಿ ಇದೇ ವೆಲೆನ್ಸಿಯಾದಲ್ಲಿ ಹುಟ್ಟಿದ ಸಸ್ಯಶಾಸ್ತ್ರಜ್ಞ ಅಂತೋನಿಯೊ ಹೊಸೆ ಕವನೀಯೆಸ್. ಮೆಕ್ಸಿಕೊದಿಂದ ಮ್ಯಾಡ್ರಿಡ್‌ಗೆ ಬಂದು ಅರಳಿದ ಒಂದು ಹೂವಿಗೆ ಅವರು 1791ರಲ್ಲಿ ಸ್ವೀಡನ್ನಿನ ಆಂದರ್ಸ್ ದಾಲ್ ಎಂಬ ಸಸ್ಯಶಾಸ್ತ್ರಜ್ಞರ ನೆನಪಿಗೆ ‘ಡೇಲಿಯಾ’ ಎಂದು ಹೆಸರಿಟ್ಟರು. ಮಳೆಗಾಲದಲ್ಲಿ ಮಲೆನಾಡಿನ ಅಂಗಳ ತುಂಬುವ, ಹೆಂಗಸರು ಗೆಡ್ಡೆ ಹಂಚಿಕೊಂಡು ಬೆಳೆಸುವ ಡೇರೆ ಹೂ ಅದೇ. ನಮ್ಮ ಮನೆಗಳ ಮುಂದಿನ ಕಾಸ್ಮೋಸ್‌ಗೂ ಹೆಸರಿಟ್ಟವರು ಅವರೇ.

---

ಚೌಕಟ್ಟು: ನಾರಂಗದ ದೂರ ಪಯಣ

● ವೆಲೆನ್ಸಿಯಾದ ಬೀದಿ, ಚೌಕ, ಉದ್ಯಾನಗಳಲ್ಲೆಲ್ಲ ಕಿತ್ತಳೆ ಮರಗಳು. ಬೀದಿಬದಿಯವು ಬಹುಪಾಲು ಹುಳಿ ಮತ್ತು ಕಹಿ ಜಾತಿಯವು. ಚೆಂದಕ್ಕೆ, ನೆರಳಿಗೆ, ಹೂವಿನ ಕಂಪಿಗೆ ನೆಟ್ಟವು. ಕಿತ್ತು ತಿನ್ನುವಂತಿಲ್ಲ.

● ಹಣ್ಣಿನ ಜೊತೆ ಹೆಸರೂ ಪೂರ್ವದಿಂದ ಹೋಯಿತು. ಸಂಸ್ಕೃತದ ‘ನಾರಂಗ’ ಪರ್ಷಿಯನ್ ಮತ್ತು ಅರಬ್ಬೀ ಭಾಷೆಗಳ ಮೂಲಕ ಸಾಗಿ ಸ್ಪ್ಯಾನಿಷ್‌ನಲ್ಲಿ ‘ನರಾಂಹಾ’ ಆಯಿತು.

● ಊರ ನಡುವಿನ ಪಾರ್ತೆರೆ ಎಂಬ ಪುಟ್ಟ ಉದ್ಯಾನದಲ್ಲಿ ನಮ್ಮ ಆಲದ ಕುಲಕ್ಕೆ ಸೇರಿದ ಬೃಹತ್ ಮರವಿದೆ. ಆಸ್ಟ್ರೇಲಿಯಾ ಮೂಲದ ಅದು ಹತ್ತೊಂಬತ್ತನೇ ಶತಮಾನದಿಂದ ಅಲ್ಲಿದೆ. ಗೋಡೆಯಂತೆ ಎದ್ದ ಅದರ ಬೇರುಗಳನ್ನು ಕಂಡರೆ ನಮ್ಮೂರು ನೆನಪಾಗುತ್ತದೆ.

---

ಮತ್ತೊಂದು ಅಕ್ಟೋಬರ್

2024ರಲ್ಲಿ ವೆಲೆನ್ಸಿಯಾ ಯುರೋಪಿನ ಹಸಿರು ರಾಜಧಾನಿ. ಆ ಗೌರವಕ್ಕೆ ಈ ನದಿಯ ತೋಟವೇ ದೊಡ್ಡ ಕಾರಣ. ಅದೇ ವರ್ಷ ಅಕ್ಟೋಬರ್ 29ರಂದು ಅರವತ್ತೇಳು ವರ್ಷಗಳ ಹಿಂದಿನ ಆಕಾಶ ಮತ್ತೆ ಕವಿಯಿತು.

ಒಳನಾಡಿನ ಚೀವಾ ಎಂಬ ಊರಿನಲ್ಲಿ ಸುಮಾರು ಒಂದು ವರ್ಷದ ಮಳೆ ಎಂಟು ಗಂಟೆಗಳಲ್ಲಿ ಸುರಿಯಿತು. ತೂರಿಯಾ ಉಕ್ಕಿತು. ಹೊಸ ಪಾತ್ರ ಆ ನೀರನ್ನು ಹೊತ್ತು ಸಮುದ್ರಕ್ಕೆ ಸೇರಿಸಿತು. ಹಳೆಯ ಊರು ಒಣಗಿಯೇ ಇತ್ತು. ಗಲಿವರ್‌ನ ಮೈ ಒದ್ದೆಯಾದದ್ದು ಮಳೆಯ ಹನಿಗಷ್ಟೇ.

ಹೊಸ ಪಾತ್ರದ ಆಚೆಗಿನ ಕಥೆ ಬೇರೆ. ವರ್ಷದ ಬಹುಪಾಲು ಒಣಗಿರುವ ಪೋಯೊ ಎಂಬ ಹಳ್ಳ ಸಂಜೆಯ ಹೊತ್ತಿಗೆ ಪೈಪೋರ್ತಾ ಮುಂತಾದ ಊರುಗಳ ಮೇಲೆ ಎರಗಿತು. ಎಷ್ಟೋ ಬೀದಿಗಳಲ್ಲಿ ಮಳೆಯೇ ಬಿದ್ದಿರಲಿಲ್ಲ, ನೀರು ಮಾತ್ರ ಬಂತು. ಮೊಬೈಲ್‌ಗಳಿಗೆ ಎಚ್ಚರಿಕೆಯ ಸಂದೇಶ ಬಂದದ್ದು ರಾತ್ರಿ ಎಂಟು ದಾಟಿದ ಮೇಲೆ. ಅಷ್ಟರಲ್ಲಿ ಅನೇಕರು ನೆಲಮಾಳಿಗೆಗಳಲ್ಲಿ, ಕಾರುಗಳಲ್ಲಿ ಸಿಕ್ಕಿಕೊಂಡಿದ್ದರು. ವೆಲೆನ್ಸಿಯಾ ಪ್ರಾಂತ್ಯದಲ್ಲಿ 220ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು.

ಮುಂದಿನ ದಿನಗಳಲ್ಲಿ ಹೊಸ ಪಾತ್ರದ ಮೇಲಿನ ಕಾಲ್ಸೇತುವೆಯಲ್ಲಿ ಜನರ ಸಾಲು ಕಂಡಿತು. ಪೊರಕೆ, ಸಲಿಕೆ, ಬಕೆಟ್, ಕುಡಿಯುವ ನೀರಿನ ಬಾಟಲಿ ಹಿಡಿದು ಒಣಗಿದ ಊರಿನವರು ಮುಳುಗಿದ ಊರುಗಳಿಗೆ ನಡೆದುಹೋದರು. ಬಹಳಷ್ಟು ಮಂದಿ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು. ಆ ಕಾಲ್ಸೇತುವೆಗೆ ಈಗ ‘ಒಗ್ಗಟ್ಟಿನ ಸೇತುವೆ’ ಎಂದು ಹೆಸರು.

ಒಂದು ಮಾತು ಒಪ್ಪಿಕೊಳ್ಳಬೇಕು. ತೋಟ ಇನ್ನೂ ಪೂರ್ತಿಯಾಗಿಲ್ಲ. ನದಿ ಸಮುದ್ರ ಸೇರುತ್ತಿದ್ದ ಕೊನೆಯ ತುಂಡು ಬಂದರು ಮತ್ತು ನಸರೇತ್ ಎಂಬ ಬಡಾವಣೆಯ ನಡುವೆ ಸಿಲುಕಿದೆ. ಬಂದರು ಬೆಳೆದಾಗ ತನ್ನ ಕಡಲತೀರ ಕಳೆದುಕೊಂಡ ಬಡಾವಣೆ ಅದು. ಅಲ್ಲಿಯವರು ದಶಕಗಳಿಂದ ತಮ್ಮ ಪಾಲಿನ ಹಸಿರಿಗಾಗಿ ಕಾಯುತ್ತಿದ್ದಾರೆ.

---

ಚೌಕಟ್ಟು: ಹೋಗುವವರಿಗೆ

● ಯಾವಾಗ? ಮಾರ್ಚ್‌ನಿಂದ ಮೇವರೆಗೆ ಹಿತ. ವಸಂತದಲ್ಲಿ ಕಿತ್ತಳೆ ಹೂವಿನ ಪರಿಮಳ. ಆಗಸ್ಟ್‌ನಲ್ಲಿ ಸೆಕೆ ಹೆಚ್ಚು. ಶರತ್ಕಾಲದಲ್ಲಿ ಹೋದರೆ ಹವಾಮಾನದ ಮುನ್ಸೂಚನೆ ನೋಡಿಕೊಂಡೇ ಹೊರಡಿ.

● ಹೇಗೆ? ವಿಮಾನ ನಿಲ್ದಾಣದಿಂದ ಮೆಟ್ರೊ ಹಿಡಿದು ಅಲಮೇದಾದಲ್ಲಿ ಇಳಿದರೆ ತೋಟದಲ್ಲೇ ಇರುತ್ತೀರಿ.

● ಎಷ್ಟು ಹೊತ್ತು? ತೋಟದ ಉದ್ದಕ್ಕೂ ನಡೆಯಲು ಅರ್ಧ ದಿನ ಬೇಕು. ಬಾಡಿಗೆ ಸೈಕಲ್ ಸಿಗುತ್ತದೆ.

● ಟಿಕೆಟ್? ನದಿಯ ತೋಟ, ವಿವೇರೋಸ್, ಮೊನ್‌ಫೋರ್ತೆಗೆ ಇಲ್ಲ. ಸಸ್ಯೋದ್ಯಾನಕ್ಕೆ ಅಲ್ಪ ಶುಲ್ಕವಿದೆ.

---

ವೆಲೆನ್ಸಿಯಾಕ್ಕೆ ಹೋದರೆ ಒಂದು ಬೆಳಗನ್ನು ತೋಟಕ್ಕೆ ಕೊಡಿ. ಕಡಲ ಸೇತುವೆಯ ಚೂಪು ಕಲ್ಲನ್ನು ಕೈಯಿಂದ ಮುಟ್ಟಿ ನೋಡಿ. ಅದೇ ದಿನ ಸಂಜೆ ಊರಿನ ದಕ್ಷಿಣಕ್ಕೆ ಹೋಗಿ ಒಗ್ಗಟ್ಟಿನ ಸೇತುವೆಯ ಮೇಲೂ ಐದು ನಿಮಿಷ ನಿಲ್ಲಿ. ಕೆಳಗೆ ಅಗಲವಾದ, ಬೋಳಾದ, ಬಹುಪಾಲು ಒಣಗಿದ ಪಾತ್ರ ಕಾಣುತ್ತದೆ. ಫೋಟೊಗೆ ಅಲ್ಲೇನೂ ಇಲ್ಲ. ಆದರೆ ಬೆಳಿಗ್ಗೆ ನೋಡಿದ ಹಸಿರಷ್ಟೂ ಉಳಿದಿರುವುದು ಈ ಬೋಳು ನೆಲ ನೀರಿಗಾಗಿ ಖಾಲಿ ಇರುವುದರಿಂದ. ನೀರಿಗೆ ದಾರಿ ಬಿಟ್ಟ ಊರಿಗೆ ಮಾತ್ರ ತೋಟ ದಕ್ಕುತ್ತದೆ.